ತಿಥಿಗೆ ತಡವಾಗಿ ಬಂದವಳು

ತಾತನ ತಿಥಿಯ ಮರುದಿನವೇ ಯೂರಿಮಳ ಹುಟ್ಟುಹಬ್ಬ. ಎರಡಕ್ಕೂ ಚಾಂದ್ರಮಾನದ ಲೆಕ್ಕ, ಹಾಗಾಗಿ ಯಾವ ವರ್ಷವೂ ಒಂದನ್ನೊಂದು ಬಿಟ್ಟು ಹೋಗುತ್ತಿರಲಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ಅವಳಿಗೆ 'ತಡವಾಗಿ ಬಂದವಳು' ಎಂದೇ ಹೆಸರು. ತಿಥಿಯೂಟಕ್ಕೆಂದು ಹೊರಟ ಮಗು ದಾರಿಯಲ್ಲಿ ಎಲ್ಲೋ ಆಟವಾಡುತ್ತ ನಿಂತು, ಪಾತ್ರೆ ತೊಳೆಯುವ ಹೊತ್ತಿಗೆ ಬಂದು ಸೇರಿತು ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು ಎಂದೇ ಯೂರಿಮಳ ನೆನಪು.

ಈ ಸಲ ಅಮ್ಮ ಇರಲಿಲ್ಲ. ಕಳೆದ ಚಳಿಗಾಲದಲ್ಲಿ, ಒಂದು ವರ್ಷಕ್ಕಾಗುವಷ್ಟು ಕಿಮ್ಚಿ ಉಪ್ಪಿನಕಾಯಿ ಹಾಕಿಟ್ಟ ವಾರದಲ್ಲೇ ತೀರಿಕೊಂಡಿದ್ದಳು. ಅವಳು ಹಾಕಿಟ್ಟಿದ್ದನ್ನು ಮನೆಯವರು ಬೇಸಿಗೆಯವರೆಗೂ ತಿಂದಿದ್ದರು.

ದೇಗು ನಗರದಲ್ಲಿ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆ ಹಾಕಿ, ಮುಂಜಾನೆಯ ರೈಲಿಗೆ ಯೂರಿಮ್ ಹುಟ್ಟೂರು ಯೊಂಗ್‌ಜುಗೆ ಬಂದಿದ್ದಳು. ಹಾಲ್‌ನ ನೆಲಕ್ಕೆ ಹಳೆಯ ಪೇಪರ್ ಹಾಸಿ, ಕರೆಂಟಿನ ಕಾವಲಿಯ ಮುಂದೆ ಕೂತು, ಮೀನಿನ ತುಂಡುಗಳನ್ನು ಹಿಟ್ಟಿನಲ್ಲಿ ಹೊರಳಿಸಿ ಮೊಟ್ಟೆಯಲ್ಲಿ ಅದ್ದಿ ಬೇಯಿಸುತ್ತಿದ್ದಳು. ಪಕ್ಕದಲ್ಲಿ ಬೇಯಿಸಿದ ಆಕ್ಟೋಪಸ್ ತಣಿಯುತ್ತಿತ್ತು. ಸೊಪ್ಪು, ಬೇರು, ಕುಂಬಳಕಾಯಿ ಎಲ್ಲ ಸರದಿಯಲ್ಲಿ ಕಾದಿದ್ದವು. ಅಪ್ಪ ಆಚೆ ಕೋಣೆಯ ಬಾಗಿಲಲ್ಲಿ ಕೂತು ಚೂರಿಯಿಂದ ಚೆಸ್ಟ್‌ನಟ್ ಸಿಪ್ಪೆ ಹೆರೆಯುತ್ತಿದ್ದ. ತಿಥಿಯ ಅಡುಗೆಯಲ್ಲಿ ಗಂಡಸರಿಗೆ ಸೇರಿದ ಕೆಲಸ ಅದೊಂದೇ. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಲೆ ಸರಿಮಾಡಿ, ಬಟ್ಟಲಿಗೆ ಹಾಕುತ್ತಿದ್ದ. ಆ ಒಂದು ಬಟ್ಟಲಿಗೆ ಇಡೀ ಬೆಳಗು ಹಿಡಿದಿತ್ತು.

ಅಪ್ಪನ ಅಕ್ಕ ಮಾಲ್ಸುಕ್ ಸೋಫಾದ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದಳು.

"ಉರಿ ಸಣ್ಣ ಮಾಡೇ. ಸೀದ ಮೀನು ಇಟ್ಟರೆ ನಿಮ್ಮ ತಾತ ಬಂದ ದಾರೀಲೇ ವಾಪಸ್ ಹೋಗ್ತಾರೆ."

"ಹೋದರೆ ಹೋಗಲಿ ಅತ್ತೆ. ಹೋಗೋವಾಗ ಈ ಪಾತ್ರೆ ತೊಳೆದಿಟ್ಟು ಹೋಗಲಿ."

"ಬಾಯಿ ನೋಡು. ಅದಕ್ಕೇ ನಿಂಗಿನ್ನೂ ಮದುವೆ ಆಗಿಲ್ಲ." ಅತ್ತೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಈ ವರ್ಷವಂತೂ ಆಗೋ ಹಾಗೂ ಇಲ್ಲ. ಇಪ್ಪತ್ತೊಂಬತ್ತು. ಒಂಬತ್ತು ಬಂದ ವರ್ಷ ಮದುವೆ ಮಾಡಬಾರದು. ಸುಮ್ನೆ ಅಲ್ಲಿ ಒಬ್ಳೇ ಬಾಡಿಗೆ ಕಟ್ಕೊಂಡು ಏನು ಮಾಡ್ತೀಯ? ಮನೆಗೆ ಬಂದುಬಿಡು. ನಿಮ್ಮಪ್ಪನಿಗೆ ಒಂದು ಬಿಸಿ ಅನ್ನ ಆಗತ್ತೆ. ತಿಥಿಗಳೂ ನಿಲ್ಲಲ್ಲ. ಊರಲ್ಲೂ ಕನ್ನಡಕದ ಅಂಗಡಿ ಇಲ್ವಾ?"

ಹೊಸ ಮಾತೇನಲ್ಲ. ಬೇಸಿಗೆಯಿಂದ ಅತ್ತೆ ಫೋನಿನಲ್ಲಿ ಇದನ್ನೇ ಹೇಳುತ್ತಿದ್ದಳು. ಅಪ್ಪ ಬಾಯಿಬಿಟ್ಟು ಕೇಳಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಈ ದಿನ ಉತ್ತರ ಹೇಳುವೆನೆಂದು ಯೂರಿಮ್ ಒಪ್ಪಿದ್ದಳು. ಮನಸ್ಸಿನಲ್ಲಿ ಹೂಂ ಎಂದೇ ಇತ್ತು. ಕೆಲಸ ಬಿಡಬಹುದು ಎಂದು ಅಂಗಡಿಯ ಯಜಮಾನಿಗೂ ಸೂಚನೆ ಕೊಟ್ಟು ಬಂದಿದ್ದಳು. ಅಪ್ಪನಿಗಾಗಿ ಅಲ್ಲ, ತಾತನಿಗಾಗಿಯಂತೂ ಅಲ್ಲವೇ ಅಲ್ಲ. ಅಮ್ಮ ಈ ಕೆಲಸವನ್ನು ಪ್ರೀತಿಯಿಂದ ಮಾಡುತ್ತಿದ್ದಳು ಎಂದು ಅವಳು ನಂಬಿದ್ದಳು. ಅಷ್ಟು ವರ್ಷ, ಅಷ್ಟು ಅಚ್ಚುಕಟ್ಟಾಗಿ, ಪ್ರೀತಿಯಿಲ್ಲದೆ ಯಾರು ಮಾಡಿಯಾರು? ಅಮ್ಮನ ಜಾಗ ಖಾಲಿ ಬಿದ್ದಿರುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ.

ಅವಳು ಮೆತ್ತಗಾಗಿರುವುದನ್ನು ಅತ್ತೆ ಕಂಡಳು. ಇನ್ನೊಂದು ಮಾತು ಸೇರಿಸಿದರೆ ಕೆಲಸ ಆಗುತ್ತದೆ ಎನ್ನಿಸಿರಬೇಕು.

"ನಿಮ್ಮಮ್ಮನಂಥ ಸೊಸೆ ಎಲ್ಲೂ ಸಿಗಲ್ಲ ಕಣೇ. ನೀನು ಹುಟ್ಟಿದಾಗಿನ ಕತೆ ಗೊತ್ತಲ್ಲ?"

"ತಡವಾಗಿ ಬಂದೆ."

"ತಡವಾಗಿ ಬಂದಿದ್ದಲ್ಲ ಮಗಳೇ. ನಿಂಗೆ ಬರೋ ಆತುರ ಬೆಳಿಗ್ಗೆಯಿಂದ್ಲೇ ಇತ್ತು. ನಿಮ್ಮಮ್ಮ ಒಲೆ ಮುಂದೆ ಹೀಗೇ ಕೂತಿದ್ಲು, ನೋವು ಬಂದಾಗ ಸೌಟು ಗಟ್ಟಿಯಾಗಿ ಹಿಡ್ಕೊಂಡು ಕಣ್ಣು ಮುಚ್ಚೋಳು. ಯಾರಿಗೂ ಹೇಳ್ಲಿಲ್ಲ. ನಾನೇ ನೋಡಿ ನಮ್ಮಮ್ಮಂಗೆ ಹೇಳ್ದೆ. ಹೆರಿಗೆ ಅಂದ್ರೆ ಮೈಲಿಗೆ, ತಿಥಿ ನಿಲ್ಲಿಸಬೇಕು. ಅಡುಗೆ ಎಲ್ಲ ಆಗಿತ್ತು, ನೆಂಟರು ಬಂದಿದ್ರು. ನಮ್ಮಮ್ಮ ಬಂದು, 'ತಡ್ಕೋ, ನಮಸ್ಕಾರ ಮುಗೀಲಿ' ಅಂದ್ರು. ಆಗೆಲ್ಲ ನಡುರಾತ್ರಿಗೇ ಅಲ್ವಾ ತಿಥಿ. ತಡ್ಕೊಂಡ್ಳು ಕಣೇ. ಒಂದು ಸಲ ಕೂಗ್ಲಿಲ್ಲ. ಎಲ್ಲರ ಊಟದ ಮಣೆ ಇಟ್ಟು, ಆಮೇಲೆ ಟ್ಯಾಕ್ಸಿ ಹತ್ತಿದ್ಲು. ಈಗಿನ ಯಾವ ಹುಡುಗಿ ಮಾಡ್ತಾಳೆ ಹೇಳು."

ಕಾವಲಿಯ ಮೇಲಿನ ಮೀನು ತಳ ಹಿಡಿಯತೊಡಗಿತು. ಯೂರಿಮ್ ತಿರುವಿ ಹಾಕಿದಳು.

"ಆಮೇಲೆ?"

"ಆಮೇಲೇನು. ನೀನು ಬಂದೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ತುಂಬ ಹೊತ್ತು ತಡೆದಿದ್ದಕ್ಕೆ ಹಾಗಾಯ್ತು ಅಂತ ಡಾಕ್ಟರು ಅಂದ್ರಂತೆ. ಅದೇನೋ. ಅವಳ ಹಣೆಬರಹ, ಪಾಪ."

ಗಂಡು ಹೆರಲಿಲ್ಲ ಎಂದು ಅಜ್ಜಿ ತಾನು ಸಾಯುವವರೆಗೂ ಅಮ್ಮನನ್ನು ಚುಚ್ಚಿದ್ದು ಯೂರಿಮಳಿಗೆ ಗೊತ್ತಿತ್ತು. ಅಮ್ಮ ತಲೆ ತಗ್ಗಿಸಿ ಹಿತ್ತಾಳೆ ಬಟ್ಟಲು ಉಜ್ಜುತ್ತಿದ್ದದ್ದೂ ಗೊತ್ತಿತ್ತು. ತಾನು ತಡವಾಗಿ ಬಂದವಳಲ್ಲ, ತನ್ನನ್ನು ತಡೆದಿಟ್ಟಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಆಚೆ ಕೋಣೆಯಲ್ಲಿ ಚೂರಿಯ ಸದ್ದು ನಿಂತಿತ್ತು. ಯೂರಿಮ್ ತಲೆಯೆತ್ತಿದಳು. ಅಪ್ಪ ಇತ್ತ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು.

ಅವಳು ಅಡುಗೆ ಅರ್ಧಕ್ಕೆ ಬಿಡಲಿಲ್ಲ. ಸಂಜೆ ಚಿಕ್ಕಪ್ಪ ಬಂದ. ಕೋಟು ತೆಗೆದು ನಮಸ್ಕಾರ ಮಾಡಿದ, ಉಂಡ, ಆಕ್ಟೋಪಸ್ ಮೆತ್ತಗಿದೆ ಎಂದು ಹೊಗಳಿದ, ಕಾರು ಹತ್ತಿದ. ಅಮ್ಮನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಬಟ್ಟಲುಗಳನ್ನು ತೊಳೆದು ಒರೆಸಿದ ಮೇಲೆ ಯೂರಿಮ್ ಹೇಳಿದಳು.

"ಅಪ್ಪ, ನಾನು ಬರಲ್ಲ. ಮುಂದಿನ ವರ್ಷ ತಿಥಿಗೂ ಬರಲ್ಲ."

ಅತ್ತೆ ಎದ್ದು ಕೂತಳು. "ಇಷ್ಟು ಹೊತ್ತು ಚೆನ್ನಾಗೇ ಇದ್ದೆಯಲ್ಲೇ. ನಾನೇನು ಕೆಟ್ಟದ್ದು ಹೇಳ್ದೆ? ಹೊಗಳಿದೆ ತಾನೆ?"

"ಹೌದು ಅತ್ತೆ. ಹೊಗಳಿದಿರಿ."

"ಮತ್ತೆ ಯಾರು ಮಾಡ್ತಾರೆ ಇದನ್ನೆಲ್ಲ?"

"ತಾತನ ಮಕ್ಕಳು ಮೂರು ಜನ ಇದ್ದೀರಲ್ಲ."

ಅಪ್ಪ ಎದ್ದ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ಯೂರಿಮ್ ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಸಿಂಕಿನ ಮುಂದೆ ಅಂಗಿಯ ತೋಳು ಮಡಚಿ ನಿಂತಿದ್ದ. ಹುಟ್ಟುಹಬ್ಬದ ಸಾರಿಗೆಂದು ಒಣಗಿದ ಕಡಲಸೊಪ್ಪನ್ನು ನೆನೆಹಾಕಿದ್ದ. ಒಂದು ಹಿಡಿ ಸಾಕಾಗುವ ಕಡೆ ಇಡೀ ಪೊಟ್ಟಣ ಸುರಿದಿದ್ದ. ಅದು ನೀರು ಕುಡಿದು ಉಬ್ಬಿ, ಬೋಗುಣಿ ತುಂಬಿ, ಸಿಂಕು ತುಂಬಿ, ಅಂಚಿನಿಂದ ಕಪ್ಪಗೆ ನೆಲಕ್ಕೆ ಇಳಿಯುತ್ತಿತ್ತು.

"ಇದು ಇಷ್ಟು ಆಗತ್ತೆ ಅಂತ ಗೊತ್ತಿರಲಿಲ್ಲ," ಎಂದ ಅಪ್ಪ.

ಅರವತ್ತರ ಹತ್ತಿರ ಬಂದ ಗಂಡಸು. ಮೂವತ್ತು ವರ್ಷ ಈ ಸಾರು ತಿಂದವನು. ಯೂರಿಮಳಿಗೆ ಅಳು ಬಂತು, ನಗುವೂ ಬಂತು. ಅಭ್ಯಾಸದಂತೆ ಕೈ ಏಪ್ರನ್ನಿನತ್ತ ಹೋಯಿತು. ಅದನ್ನು ಅಲ್ಲೇ ಬಿಟ್ಟು ಅವಳು ಊಟದ ಮೇಜಿನ ಮುಂದೆ ಕುರ್ಚಿ ಎಳೆದು ಕೂತಳು.

"ಅಪ್ಪ, ನಾನು ಹುಟ್ಟಿದ ದಿನ ಅಮ್ಮನಿಗೆ ಈ ಸಾರು ಯಾರು ಮಾಡಿಕೊಟ್ಟರು?"

ಬಾಣಂತಿ ಮೊದಲು ಕುಡಿಯುವುದು ಇದನ್ನೇ. ಮಕ್ಕಳ ಹುಟ್ಟುಹಬ್ಬಕ್ಕೆ ಇದು ಬಂದದ್ದು ಅಲ್ಲಿಂದಲೇ.

ಅಪ್ಪ ಬಹಳ ಹೊತ್ತು ನೀರಿನಲ್ಲಿ ಕೈಯಾಡಿಸಿದ.

"ತಿಥಿದು ಮೂಲಂಗಿ ಸಾರು ಉಳಿದಿತ್ತು. ಅದನ್ನೇ ತಗೊಂಡು ಹೋಗು ಅಂದ್ರು ನಿಮ್ಮಜ್ಜಿ. ತಗೊಂಡು ಹೋದೆ."

"ಅಮ್ಮ ಏನಂದಳು?"

"ಬಿಸಿಯಾಗಿದೆ ಅಂದಳು." ಅವನು ಮುಖ ತಿರುಗಿಸಿದ. "ಬಿಸಿ ಇರಲಿಲ್ಲ ಅದು."

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ಅಪ್ಪ ಒದ್ದೆ ಕೈಯಲ್ಲೇ ನಿಂತಿದ್ದ, ಮುಂದೇನು ಎಂದು ತಿಳಿಯದೆ. ಮಗಳು ಎದ್ದು ಬರುತ್ತಾಳೆಂದು ಕಾದಿರಬಹುದು.

"ಒಂದು ಹಿಡಿ ತೆಗೆದು ಹಿಂಡು," ಎಂದಳು ಯೂರಿಮ್, ಕುರ್ಚಿಯಿಂದಲೇ. "ಗಟ್ಟಿಯಾಗಿ. ಆಮೇಲೆ ಕತ್ತರಿಸು. ಮಾಂಸ ಫ್ರಿಜ್ಜಿನಲ್ಲಿ ಕೆಳಗಡೆ ಇದೆ. ಮೊದಲು ಅದನ್ನ ಎಳ್ಳೆಣ್ಣೇಲಿ ಹುರಿ."

"ಎಣ್ಣೆ ಎಷ್ಟು?"

ಅವಳು ಹೇಳಿದಳು. ಅವನು ಹಾಕಿದ. ರೈಲಿಗೆ ಇನ್ನೂ ಹೊತ್ತಿತ್ತು.