ಮರಳು ಬಿಡಿಸಿದ ತಿಸರೆ

ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಕಾರವಾರದ ಒಂದು ಸಾಗರ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ನಾನು ಹಿರಿಯ ತಾಂತ್ರಿಕ ಅಧಿಕಾರಿ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ವೇದಾ ಎಂಬ ಹುಡುಗಿ ಗುತ್ತಿಗೆಯ ಮೇಲೆ ನನ್ನ ಕೈಕೆಳಗೆ ಸೇರಿದಳು. ಆರೇ ತಿಂಗಳಲ್ಲಿ ನಿರ್ದೇಶಕರ ಬಾಯಲ್ಲಿ ಅವಳದೇ ಹೆಸರು. ಮುಚ್ಚುಮರೆ ಏಕೆ, ನನಗೆ ಹೊಟ್ಟೆ ಉರಿಯುತ್ತಿತ್ತು.

ಕಾಳಿ ನದಿಯ ಅಳಿವೆಯಲ್ಲಿ ಸಿಗುವ ತಿಸರೆ ಎಂಬ ಚಿಪ್ಪುಜೀವಿ, ನೀರಿನ ಉಪ್ಪು ಏರುಪೇರಾದಾಗ ಎಷ್ಟು ಒದ್ದಾಡುತ್ತದೆಂದು ಅಳೆಯುವುದು ನಮ್ಮ ಕೆಲಸ. ಜೀವಕೋಶಕ್ಕೆ ಕಷ್ಟ ಬಂದಾಗ ಅದರೊಳಗಿನ ಕೆಲವು ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಇದೇ ಫಾಸ್ಫೊರಿಲೇಶನ್. ಹಾಗೆ ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿ ಇದೆ. ಅದರ ಮೇಲೆ ಹೊಳೆಯುವ ಬಣ್ಣ ಹೊತ್ತ ಇನ್ನೊಂದು ಆಂಟಿಬಾಡಿ ಕೂರಿಸಿ, ತೊಂಬತ್ತಾರು ಗುಳಿಗಳ ಪ್ಲೇಟನ್ನು ಯಂತ್ರಕ್ಕಿಟ್ಟರೆ ಹೊಳಪು ಎಷ್ಟೆಂದು ಅಂಕಿ ಬರುತ್ತದೆ. ನೆಮ್ಮದಿಯಾಗಿದ್ದ ತಿಸರೆ ಮಂಕಾಗಿ ಕಾಣಬೇಕು. ಸಿಹಿನೀರಿನಲ್ಲಿಟ್ಟು ಕಾಡಿದ ತಿಸರೆ ಹೊಳೆಯಬೇಕು.

ವೇದಾಳ ಪ್ಲೇಟಿನಲ್ಲಿ ಹಾಗೇ ಆಗುತ್ತಿತ್ತು. ನನ್ನದರಲ್ಲಿ ಎರಡೂ ಒಂದೇ ಸಮ ಹೊಳೆಯುತ್ತಿದ್ದವು. ಆಂಟಿಬಾಡಿ ಬದಲಿಸಿದೆ, ಬಫರ್ ದ್ರಾವಣ ಹೊಸದಾಗಿ ಮಾಡಿದೆ, ಮತ್ತೆ ಮತ್ತೆ ತೊಳೆದೆ. ಊಹೂಂ! ಇಪ್ಪತ್ತೇಳು ವರ್ಷ ಪಿಪೆಟ್ ಹಿಡಿದ ಕೈಗೆ ಬಾರದ್ದು ನಿನ್ನೆ ಮೊನ್ನೆ ಬಂದವಳಿಗೆ ಬರುತ್ತದೆಯೇ? ಅಂಕಿ ತಿದ್ದುತ್ತಿದ್ದಾಳೆ ಎಂದೇ ತೀರ್ಮಾನಿಸಿಬಿಟ್ಟೆ. ಅವಳ ಗುತ್ತಿಗೆ ಮುಂದುವರಿಸುವ ಕಡತ ನನ್ನ ಮೇಜಿಗೆ ಬಂದಾಗ, ‘ದತ್ತಾಂಶ ನಂಬಲರ್ಹವಲ್ಲ, ಮುಂದುವರಿಸುವುದು ಬೇಡ’ ಎಂದು ಬರೆದು ನಿರ್ದೇಶಕರಿಗೆ ಕಳುಹಿಸಿದೆ. ಬರೆದ ಮೇಲೆ ಹಾಯೆನಿಸಿತು, ಅದನ್ನೂ ಹೇಳಿಬಿಡುತ್ತೇನೆ.

ಮೂರನೆಯ ದಿನ ಗಿರಿಜಾ ಬಂದಳು. ಅಳಿವೆಯಲ್ಲಿ ತಿಸರೆ ಹೆಕ್ಕಿ ಮಾರುವ ಅವಳಿಗೆ ಹಬ್ಬುವಾಡದ ನಮ್ಮ ಮನೆ ಹಳೆಯ ಗಿರಾಕಿ. ಪ್ರಯೋಗದ ತಿಸರೆಯನ್ನೂ ನನಗೆ ಅವಳೇ ತಂದುಕೊಡುತ್ತಿದ್ದಳು. ವೇದಾ ಮಾತ್ರ ಇಳಿತದ ಹೊತ್ತಿಗೆ ತಾನೇ ನೀರಿಗಿಳಿದು ಹೆಕ್ಕುತ್ತಿದ್ದಳು.

“ಆ ಹುಡುಗಿಗೂ ನನಗೂ ಒಂದೇ ತಿಸರೆ ತಾನೇ ಗಿರಿಜಾ?” ಎಂದು ಕೇಳಿದೆ.

“ಛೇ, ಒಂದೇ ಹೆಂಗೆ ಆಗ್ತದೆ ಅಕ್ಕೋರೆ? ಆ ಹುಡ್ಗಿ ಹೊಳೆಯಿಂದ ಹಂಗೇ ತಕಂಡು ಹೋಗ್ತದೆ, ಮರಳು ಸಮೇತ. ನಿಮ್ದು ನಾನು ಹಿಂದಿನ ದಿನವೇ ಬಾವಿ ನೀರಲ್ಲಿ ಹಾಕಿ, ಮರಳು ಬಿಡಿಸಿ ತರ್ತೆ. ನಿಮ್ಗೆ ಮರಳಿನ ತಿಸರೆ ಕೊಡೂಕೆ ಆಗ್ತದಾ?”

ತಿಸರೆ ಒಳಗಿನ ಮರಳು ಕಕ್ಕಲೆಂದು, ಸಾರು ಮಾಡುವ ಮೊದಲು ನಾನೂ ಮನೆಯಲ್ಲಿ ಮಾಡುವ ಕೆಲಸವೇ ಅದು. ಆದರೆ ಬಾವಿ ನೀರೆಂದರೆ ಸಿಹಿನೀರು! ನನ್ನ ‘ನೆಮ್ಮದಿಯ’ ತಿಸರೆ ಒಂದು ದಿನ ಪೂರ್ತಿ ಒದ್ದಾಡಿಯೇ ನನ್ನ ಕೈ ಸೇರುತ್ತಿತ್ತು. ವೇದಾ ತಂದ ತಿಸರೆಯಲ್ಲಿ ಸ್ವಲ್ಪ ಕೇಳಿ ಪಡೆದು ಪ್ಲೇಟ್ ಹಾಕಿದೆ. ನೆಮ್ಮದಿಯದು ಮಂಕು, ಕಾಡಿದ್ದು ಪ್ರಖರ. ಅವಳ ಅಂಕಿಗಳೇ ಬಂದವು. ನಾಚಿಕೆಯ ಜೊತೆ ಆಗಲೂ ಹೊಟ್ಟೆ ಉರಿಯಿತು ನೋಡಿ.

ನಿರ್ದೇಶಕರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. “ಬಾಯಿಮಾತಿಗೆ ಕಡತ ತಿದ್ದಲಾಗುವುದಿಲ್ಲ. ತಪ್ಪು ಯಾರದೆಂದು ಬರೆದುಕೊಡಿ. ಅವಳಿಗೂ ಒಂದು ಪ್ರತಿ ಹೋಗುತ್ತದೆ,” ಎಂದರು. ಬರೆದುಕೊಟ್ಟೆ.

ಮಧ್ಯಾಹ್ನ ವೇದಾ ಆ ಪ್ರತಿ ಹಿಡಿದು ನನ್ನೆದುರು ನಿಂತಳು. ಕಣ್ಣು ಕೆಂಪಾಗಿತ್ತು.

“ನಿಮ್ ಪ್ಲೇಟ್ ಸರಿ ಬರೂದಿಲ್ಲ ಅಂತ ನಂಗೆ ಗೊತ್ತಿತ್ತು ಮೇಡಂ. ಒಟ್ಟಿಗೆ ಹೊಳೆಗೆ ಹೋಗುವಾ ಅಂತ ಎರಡು ಸಲ ಕರ್ದೆ. ನೀವು ಬರ್ಲಿಲ್ಲ.”

ಕರೆದದ್ದು ನಿಜ. ಅವಳಿಂದ ಕಲಿಯಬೇಕಾದೀತೆಂದು ಮೊಣಕಾಲು ನೋವಿನ ನೆಪ ಹೇಳಿದ್ದೆ.

ಇನ್ನೊಬ್ಬರ ಫಲಿತಾಂಶವನ್ನು ಸುಳ್ಳೆನ್ನುವ ಮೊದಲು, ನಮ್ಮ ಮಾದರಿ ಹೇಗೆ ಬಂತೆಂದು ಕೇಳಬೇಕು. ವೃತ್ತಿ ಕಲಿಸಿದ ಪಾಠವೆಂದು ಹೊಸಬರಿಗೆ ಇದನ್ನೇ ಹೇಳುತ್ತಿದ್ದೆ. ವೇದಾಳ ಗುತ್ತಿಗೆ ಮುಂದುವರಿಯಿತು. ನಾನು ನಿವೃತ್ತಳಾಗುವವರೆಗೂ ಅವಳು ನನ್ನೊಂದಿಗೆ ಮರ್ಯಾದೆಯಿಂದಲೇ ನಡೆದುಕೊಂಡಳು. ಆದರೆ ಅಂಕಿಗಳನ್ನು ತೋರಿಸಲು ಬಂದಾಗಲೆಲ್ಲ, ನಾನು ಕೇಳದಿದ್ದರೂ, ಯಂತ್ರದಿಂದ ಬಂದ ಮೂಲ ಪ್ರತಿಯನ್ನು ಮೊದಲು ನನ್ನ ಮೇಜಿನ ಮೇಲಿಡುತ್ತಿದ್ದಳು.