ನೋಟಿಸಿಗೆ ಮುಂಚೆ ತುಂಬಿದ ಬಾಟಲಿ

1984ರಲ್ಲಿ ನಾನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಸಿಸ್ಟೆಂಟ್ ಎಂಜಿನಿಯರ್ ಆಗಿ ತುಮಕೂರಿನಲ್ಲಿದ್ದೆ. ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕು ನನ್ನ ಪಾಲಿಗಿದ್ದವು. ಕಾನೂನು ಹೊಸದು, ನನ್ನ ವಯಸ್ಸೂ ಚಿಕ್ಕದು, ಕೋಪವಂತೂ ಮೂಗಿನ ತುದಿಯಲ್ಲೇ.

ಗುಬ್ಬಿ ಕಡೆಯ ಹಳ್ಳಿಯೊಂದರ ಪುಟ್ಟಮ್ಮನವರು ಡೈರಿಗೆ ಹಾಲು ಹಾಕಿ ಜೀವನ ಮಾಡುತ್ತಿದ್ದರು. ಪಕ್ಕದಲ್ಲಿದ್ದ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳಕು ನೀರು ಹಳ್ಳಕ್ಕಿಳಿದು, ಅವರ ಕೇರಿಯ ಕುಡಿಯುವ ನೀರಿನ ಬಾವಿ ಕೆಂಪಾಗಿತ್ತು. ಬೇರೆ ಬಾವಿ ಒಂದು ಮೈಲಿ ದೂರ. ಅವರ ಅರ್ಜಿ ಹಿಡಿದು, ಅವರನ್ನೂ ಕರೆದುಕೊಂಡು ನಾನು ಹೋದಾಗ ಪೈಪಿನಿಂದ ಕಡುಗೆಂಪು ನೀರು ಸುರಿಯುತ್ತಿತ್ತು. ಮೈ ಉರಿದುಹೋಯಿತು. ಕಂಡದ್ದೇ ತಡ ಬಾಟಲಿ ತುಂಬಿಕೊಂಡೆ, ಆಮೇಲೆ ಮ್ಯಾನೇಜರಿಗೆ ನೋಟಿಸ್ ಕೊಟ್ಟೆ.

ನಿಯಮ ಹೇಳುವುದು ಇದರ ತದ್ವಿರುದ್ಧ. ಮೊದಲು ನೋಟಿಸ್ ಕೊಟ್ಟು, ಕಾರ್ಖಾನೆಯವರ ಎದುರಿಗೇ ಸ್ಯಾಂಪಲ್ ತೆಗೆದು, ಎರಡು ಬಾಟಲಿಗೆ ಹಂಚಿ, ಸೀಲ್ ಮಾಡಿ, ಇಬ್ಬರೂ ಸಹಿ ಹಾಕಬೇಕು. ಇಲ್ಲದಿದ್ದರೆ ಎಲ್ಲಿಯದೋ ನೀರು ತಂದಿದ್ದಾರೆ ಎನ್ನಲು ಅವರಿಗೆ ದಾರಿಯಾಗುತ್ತದೆ.

ಲ್ಯಾಬ್ ರಿಪೋರ್ಟ್ ನಮ್ಮ ಪರವಾಗಿ ಬಂತು. ಎಂಟು ತಿಂಗಳ ಮೇಲೆ ಕೋರ್ಟಿನಲ್ಲಿ ಕಾರ್ಖಾನೆಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: “ನೋಟಿಸ್ ಕೊಟ್ಟದ್ದು ಬಾಟಲಿ ತುಂಬುವ ಮೊದಲೋ, ಆಮೇಲೋ?”

ನೋಟಿಸಿನಲ್ಲಿ ತಾರೀಕಿತ್ತು, ಗಂಟೆ ಇರಲಿಲ್ಲ. ಕಣ್ಣಾರೆ ಕಂಡಿದ್ದವರು ಪುಟ್ಟಮ್ಮನವರೊಬ್ಬರೇ. ‘ಮೊದಲು’ ಎಂದರೆ ಮುಗಿಯಿತು, ಬಾವಿ ಉಳಿಯುತ್ತದೆ. “ಆಮೇಲೆ” ಎಂದೆ. ರಿಪೋರ್ಟ್ ಅಸಿಂಧುವಾಯಿತು, ಕೇಸು ಬಿದ್ದುಹೋಯಿತು.

ಹೊರಗೆ ಪುಟ್ಟಮ್ಮನವರು ನನ್ನ ಮುಖವನ್ನೇ ನೋಡಿದರು.

“ಅವ್ರಿಗೆ ದಂಡ ಹಾಕುಸ್ತೀನಿ ಅಂದ್ರಿ. ನಾವು ಬಂದಿದ್ದೇ ದಂಡ ಆಯ್ತಲ್ಲ ಸ್ವಾಮಿ!”

“ತಪ್ಪು ನಂದೇ ಅಮ್ಮ. ಮತ್ತೆ ಸ್ಯಾಂಪಲ್ ತೆಗೀತೀನಿ.”

“ತೆಗೀರಿ. ಅಲ್ಲೀಗಂಟ ನೀರು?”

ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಆ ವಾರವೇ ಮತ್ತೆ ಹೋದೆ. ಈ ಸಲ ನೋಟಿಸಿನಲ್ಲಿ ಗಂಟೆ, ನಿಮಿಷ ಎರಡನ್ನೂ ಬರೆದಿದ್ದೆ. ವಾಚ್‌ಮನ್ ಒಳಗೊಯ್ದು ಕೊಟ್ಟು ಬಂದು, “ಸಾಹೇಬ್ರು ಮೀಟಿಂಗಲ್ಲವ್ರೆ, ಕೂತ್ಕಳಿ” ಎಂದ. ಅಷ್ಟರಲ್ಲಿ ಪೈಪಿನ ಹತ್ತಿರ ನಿಂತಿದ್ದ ಪುಟ್ಟಮ್ಮನವರು ಕೂಗಿದರು: “ಸ್ವಾಮಿ, ನೀರು ಸಣ್ಣಗಾಯ್ತಾ ಅದೆ!”

ಒಳಗೆ ವಾಲ್ವ್ ತಿರುಗಿಸುತ್ತಿದ್ದರು. ಓಡಿಹೋಗಿ ಬಾಟಲಿ ಒಡ್ಡಲು ಕೈ ತುರಿಸುತ್ತಿತ್ತು. ತಡೆದುಕೊಂಡೆ. “ಬೇಕಂತಲೇ ತಪ್ಪಿಸಿಕೊಂಡ್ರು ಅಂತ ಬರೀತೀನಿ. ಆಗ ನಾನೊಬ್ಬನೇ ಸ್ಯಾಂಪಲ್ ತೆಗೆದ್ರೂ ನಡೆಯುತ್ತೆ, ಹೋಗಿ ಹೇಳಿ” ಎಂದು ಪೆನ್ನು ತೆಗೆದೆ. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ ಬಂದರು. ಪೈಪಿನಲ್ಲಿ ಬೆರಳು ಗಾತ್ರದ ಧಾರೆ ಉಳಿದಿತ್ತು. ಅವರ ಎದುರಿಗೇ ತುಂಬಿ, ಎರಡು ಬಾಟಲಿಗೆ ಹಂಚಿ, ಅರಗಿನ ಮುದ್ರೆ ಒತ್ತಿದೆವು. ಇಬ್ಬರೂ ಸಹಿ ಹಾಕಿದೆವು.

ಈ ಸಲ ಕೇಸು ಗೆದ್ದೆವು. ಕೋರ್ಟು ದಂಡ ಹಾಕಿತು. ಆಮೇಲೂ ಕೊಳಕು ನೀರು ಬಿಟ್ಟರೆ ಪ್ರತಿ ದಿನಕ್ಕೂ ಬೇರೆ ದಂಡ. ಆ ದಿನಲೆಕ್ಕಕ್ಕೆ ಹೆದರಿ ಕಾರ್ಖಾನೆಯವರು ನೀರು ಶುದ್ಧಿ ಮಾಡುವ ತೊಟ್ಟಿ ಕಟ್ಟಿಸಿದರು. ಬಾವಿ ತಿಳಿಯಾಗಲು ಇನ್ನೆರಡು ಮಳೆಗಾಲ ಬೇಕಾಯಿತು.

ಜೂನಿಯರ್‌ಗಳಿಗೆ ನಾನು ಕಲಿಸಿದ್ದು ಇಷ್ಟೇ: ಎಷ್ಟೇ ಕೋಪ ಬರಲಿ, ನೋಟಿಸ್ ಮೊದಲು. ಕಾರ್ಖಾನೆ ತಪ್ಪು ಮಾಡಿದರೆ ಅದಕ್ಕೊಂದು ಸೆಕ್ಷನ್ ಇದೆ. ನನ್ನ ಆತುರಕ್ಕೆ ಯಾವ ಸೆಕ್ಷನ್ನೂ ಇರಲಿಲ್ಲ. ಅದಕ್ಕಾಗಿ ಎಂಟು ತಿಂಗಳು ಹೆಚ್ಚಿಗೆ, ದಿನಾ ಒಂದು ಮೈಲಿ, ಬಿಂದಿಗೆ ಹೊತ್ತವರು ಪುಟ್ಟಮ್ಮನವರು.