ಸುಟ್ಟ ಆಯಿಲ್ ಮತ್ತು ಮೂರನೇ ಗೇರು

ಕೋವಿಡ್ ಗದ್ದಲ ಮುಗಿದು ಎರಡನೆಯ ಮಳೆಗಾಲ ಶುರುವಾಗುವ ಹೊತ್ತು. ನಾನಾಗ ತುರ್ಭೆಯ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದೆ. ಯಾರಾದರೂ ಹಳೆಯ ಕಾರು ಕೊಳ್ಳುವ ಮೊದಲು ಅದನ್ನು ಲಿಫ್ಟಿಗೆ ಏರಿಸಿ, ಅಡಿಯಿಂದ ಮುಡಿಯವರೆಗೆ ನೋಡಿ, ಏನು ಕೆಟ್ಟಿದೆ, ಸರಿಪಡಿಸಲು ಎಷ್ಟು ಖರ್ಚು ಎಂದು ಬರೆದುಕೊಡುವುದು ನನ್ನ ಕೆಲಸ. ಪ್ರೀ-ಪರ್ಚೇಸ್ ಇನ್‌ಸ್ಪೆಕ್ಷನ್ ಎಂಬ ದೊಡ್ಡ ಹೆಸರು ಅದಕ್ಕೆ. ನಾನು ಕಲ್ಯಾಣದ ಚಾಳಿನ ಸಾಲುಮನೆಯಲ್ಲಿ ಬೆಳೆದ ವಿಜಯಪುರದವರ ಮಗಳು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದಂದಿನಿಂದ ಗ್ರೀಸಿನಲ್ಲೇ ಕೈ ಅದ್ದಿಕೊಂಡು ಬಂದವಳು. ಆದರೂ ಬಂದವರು ನನ್ನ ಮುಖ ನೋಡಿ, "ಮೇಡಮ್, ಮೆಕ್ಯಾನಿಕ್ ಕಹಾಂ ಹೈ?" ಎಂದು ಮೆಕ್ಯಾನಿಕ್‌ನನ್ನು ಹುಡುಕುವುದು ನಿಂತಿರಲಿಲ್ಲ. "ಸಾಮ್ನೆ ಖಡಾ ಹೈ," ಎದುರಿಗೇ ನಿಂತಿದ್ದಾನೆ, ಎನ್ನುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರು ನನ್ನ ಹೆಗಲಾಚೆ ಇಣುಕಿ ನೋಡುತ್ತಿದ್ದರು.

ಜೂನ್ ಮೊದಲ ವಾರ. ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದ ಅರವತ್ತರ ಆಸುಪಾಸಿನ ಒಬ್ಬರು ಕಡುಹಸಿರು ಬಣ್ಣದ ಸ್ಪೋರ್ಟ್ಸ್ ಕಾರಿನಿಂದ ಬಹಳ ಕಷ್ಟಪಟ್ಟು ಇಳಿದರು. ಎರಡೇ ಸೀಟಿನ, ಬಟ್ಟೆಯ ಛಾವಣಿ ಮಡಚುವ ಕಾರು, ಹದಿನೆಂಟು ವರ್ಷದ್ದು. ಅವರು ಡೊಂಬಿವಲಿ ಪೂರ್ವದಲ್ಲಿ ಸಣ್ಣ ಹೋಟೆಲು ನಡೆಸುವ ಸದಾನಂದಣ್ಣ, ಕಾರ್ಕಳದ ಕಡೆಯವರು. ಹೋಟೆಲಿನ ಗಿರಾಕಿಯೊಬ್ಬರಿಂದ ಆ ಕಾರನ್ನು ಕೊಂಡು, ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ತೆಗೆದು, ಡೊಂಬಿವಲಿಯ ಸ್ಪೀಡ್ ಬ್ರೇಕರುಗಳನ್ನು ಓರೆಯಾಗಿ ದಾಟಿಸುತ್ತ ಇಷ್ಟು ವರ್ಷ ಸಾಕಿದವರು. ದೋಸೆ ಕಾವಲಿಯ ಮುಂದೆ ನಿಂತು ನಿಂತು ಮೊಣಕಾಲು ಸವೆದಿತ್ತು. ಆ ಕಾರಿನ ಕ್ಲಚ್ಚೋ ಬಲು ಬಿಗಿ. ಡಾಕ್ಟರು ಇನ್ನು ಒತ್ತಬೇಡಿ ಎಂದ ಮೇಲೆ ಮಾರಲು ಹೊರಟಿದ್ದರು.

"ನೀವು ಕನ್ನಡದವರಂತೆ. ಇದನ್ನೊಮ್ಮೆ ಓದಿ ಮಾರಾಯ್ರೆ," ಎಂದು ಒಂದು ರಿಪೋರ್ಟನ್ನು ನನ್ನ ಮುಂದಿಟ್ಟರು. "ನನ್ನ ಗಾಡಿಯ ಇಂಜಿನ್ ಸತ್ತಿದೆ ಅಂತ ಬರ್ದಿದ್ದಾರೆ. ಸತ್ತ ಇಂಜಿನಲ್ಲಿ ನಾನು ಡೊಂಬಿವಲಿಯಿಂದ ಇಲ್ಲಿವರೆಗೆ ಹೇಗೆ ಬಂದೆ?"

ನಡೆದದ್ದು ಇಷ್ಟು. ಸಾನಪಾಡಾದ ಅನಘಾ ಎಂಬ ಫಿಸಿಯೊಥೆರಪಿಸ್ಟ್ ಆ ಕಾರನ್ನು ಕೊಳ್ಳಲು ಹತ್ತು ಲಕ್ಷಕ್ಕೆ ಒಪ್ಪಿದ್ದರು. ಅದಕ್ಕೆ ಮೊದಲು, ಹಳೆಯ ಕಾರುಗಳ ವ್ಯಾಪಾರ ಮಾಡುವ ಒಂದು ಕಂಪನಿಗೆ ಫೀ ಕಟ್ಟಿ ತಪಾಸಣೆ ಮಾಡಿಸಿದ್ದರು. ಇಂಜಿನ್ ಮತ್ತು ಗೇರ್‌ಬಾಕ್ಸಿನಿಂದ ವಿಪರೀತ ಆಯಿಲ್ ಸೋರಿಕೆ, ಇಂಜಿನ್ ಬಿಚ್ಚಿ ಕಟ್ಟಲು ಐದು ಲಕ್ಷ ಎಂದು ರಿಪೋರ್ಟ್ ಬಂತು. ಅನಘಾ ಹಿಂದೆ ಸರಿದರು. ಮಾರನೆಯ ದಿನವೇ ಅದೇ ಕಂಪನಿಯಿಂದ ಸದಾನಂದಣ್ಣನಿಗೆ ಫೋನು: ಮೂರು ಲಕ್ಷಕ್ಕೆ ನಾವೇ ತೆಗೆದುಕೊಳ್ಳುತ್ತೇವೆ, ಬಿಚ್ಚಿ ಬಿಡಿಭಾಗಗಳಾಗಿ ಮಾರುತ್ತೇವೆ. ಇಂಥ ಅಪರೂಪದ ಕಾರಿನ ಬಾಗಿಲು, ದೀಪ, ಸೀಟುಗಳೆಲ್ಲ ಬಿಡಿಯಾಗಿ ಹೋದರೆ ಇಡಿಯಾಗಿ ಮಾರಿದ್ದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದು ಈ ಧಂದೆಯಲ್ಲಿರುವ ಎಲ್ಲರಿಗೂ ಗೊತ್ತು. ತಪಾಸಣೆ ಮಾಡುವವನೇ ಬೆಲೆ ಇಳಿಸಿ ಕೊಳ್ಳುವವನೂ ಆದರೆ ಅದಕ್ಕೆ ನಾನು ತಪಾಸಣೆ ಎನ್ನುವುದಿಲ್ಲ.

"ದುಡ್ಡು ಕಡಿಮೆ ಬಂದ್ರೆ ಬರ್ಲಿ ಮೇಡಮ್. ಆದ್ರೆ ಇದನ್ನು ಕೋಳಿ ಕೊಯ್ದ ಹಾಗೆ ಕೊಯ್ಯುದು ಬೇಡ. ಯಾರಾದ್ರೂ ಓಡಿಸ್ಬೇಕು," ಎಂದರು ಸದಾನಂದಣ್ಣ. "ಮತ್ತೆ ಆ ಹುಡುಗಿ ನನ್ನನ್ನು ಮೋಸಗಾರ ಅಂದ್ಕೊಂಡಿದ್ದಾಳೆ," ಎಂದೂ ಸೇರಿಸಿದರು.

ಕಾರನ್ನು ಲಿಫ್ಟಿಗೆ ಏರಿಸಿದೆ. ಕೆಳಗೆ ಹೋಗಿ ಟಾರ್ಚ್ ಬಿಟ್ಟರೆ ಮೊದಲ ನೋಟಕ್ಕೆ ಆ ರಿಪೋರ್ಟೇ ನಿಜ ಅನ್ನಿಸಿತು. ಕಪ್ಪು, ದಪ್ಪ ಆಯಿಲ್ ಎಲ್ಲೆಲ್ಲೂ ಮೆತ್ತಿಕೊಂಡಿತ್ತು. ಬಿಳಿ ನೆಲದ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಆದರೆ ನೋಡುತ್ತ ಹೋದಂತೆ ಅನುಮಾನ ಬಂತು. ಇಂಜಿನ್ನಿನಿಂದ ಸೋರಿದ ಆಯಿಲ್ಲು ಓಡುವ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಇಲ್ಲಿ ಅದು ಇಂಜಿನ್ನಿಗಿಂತ ಮುಂದೆ, ಬಂಪರಿನ ಒಳಮೈಗೂ ಮೆತ್ತಿಕೊಂಡಿತ್ತು. ಡಿಕ್ಕಿಯ ಅಡಿಯಲ್ಲಿ ಸ್ಪೇರ್ ಟೈರಿನ ಗುಂಡಿಗೂ ಅಷ್ಟೇ ದಪ್ಪಕ್ಕೆ ಬಳಿದುಕೊಂಡಿತ್ತು. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಹೊರಗೆ ಎಳೆದೆ. ಮಟ್ಟ ತುಂಬ ಇತ್ತು. ಆಯಿಲ್ ಜೇನಿನ ಬಣ್ಣದ್ದು. ಒಳಗಿರುವುದೇ ಒಂದು, ಹೊರಗಿರುವುದೇ ಇನ್ನೊಂದು.

"ಅಣ್ಣಾರ, ಕೆಳಗ ಏನ್ ಬಡದೀರಿ ಇದಕ್ಕ?"

"ಸುಟ್ಟ ಆಯಿಲ್," ಎಂದರು, ಹೆಮ್ಮೆಯಿಂದ. "ಪ್ರತಿ ವರ್ಷ ಮೇ ಕೊನೆಗೆ ಹೊಡೀತೇನೆ. ನಮ್ಮ ಊರಲ್ಲಿ ಮಳೆಗೆ ಮುಂಚೆ ಎಲ್ಲರೂ ಹೊಡಿಯುದೇ. ಅಪ್ಪನ ಬಾಡಿಗೆ ಕಾರಿಗೂ ಹೊಡೀತಿದ್ರು. ತುಕ್ಕು ಹತ್ರ ಬರುದಿಲ್ಲ. ಈ ಸಲ ತೋರಿಸ್ಲಿಕ್ಕೆ ಉಂಟಲ್ಲ, ಚಂದ ಕಾಣ್ಲಿ ಅಂತ ಎರಡು ಕೋಟ್ ಹೊಡೆದೆ."

"ಯಾರ ಕಣ್ಣಿಗ್ರೀ ಇದು ಚಂದ?"

"ನಮ್ಮ ಕಡೆಯವರಿಗೆ ಗೊತ್ತಾಗ್ತದೆ, ಗಾಡಿ ಸಾಕಿದವ ಅಂತ."

ಗ್ಯಾರೇಜುಗಳಲ್ಲಿ ಇಂಜಿನ್ನಿನಿಂದ ಇಳಿಸಿದ ಹಳೆಯ, ಕಪ್ಪಾದ ಆಯಿಲ್ಲೇ ಸುಟ್ಟ ಆಯಿಲ್. ಕರಾವಳಿಯ ಉಪ್ಪುಗಾಳಿಗೆ ಅದು ಹಳಬರು ಕಂಡುಕೊಂಡ ಮದ್ದು. ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ, ನೆಲಕ್ಕಂತೂ ಅಲ್ಲವೇ ಅಲ್ಲ. ಅದನ್ನು ಅವರಿಗೆ ಅಲ್ಲಿಯೇ ಗಟ್ಟಿಯಾಗಿ ಹೇಳಿದೆ. ಆದರೆ ಒಂದು ಮೂಲೆ ಒರೆಸಿ ನೋಡಿದರೆ ಅಡಿಯ ತಗಡು ಫ್ಯಾಕ್ಟರಿಯಿಂದ ಬಂದ ಹಾಗೇ ಇತ್ತು. ಹದಿನೆಂಟು ಮಳೆಗಾಲ ಕಂಡ ಕಾರಿನಲ್ಲಿ ತುಕ್ಕಿನ ಚುಕ್ಕೆಯಿಲ್ಲ. ಯಾವುದನ್ನು ನೋಡಿ ಕೊಳ್ಳುವವರು ಕುಣಿಯಬೇಕಿತ್ತೋ ಅದನ್ನೇ ನೋಡಿ ಓಡಿಹೋಗಿದ್ದರು.

ಅನುಮಾನ ಬಂದರೆ ಸಾಲದು, ತೋರಿಸಬೇಕು. ಮುಂಚಕ್ರದ ಹಿಂದೆ ಒಂದು ಕಡೆ ಬಿಟ್ಟು ಅಡಿಯನ್ನೆಲ್ಲ ತೊಳೆಸಿದೆ. ಇಂಜಿನ್ ಮತ್ತು ಗೇರ್‌ಬಾಕ್ಸಿನ ಜೋಡಣೆಗಳನ್ನು ಒರೆಸಿ ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿದೆ. ಒಳಗಿಂದ ಆಯಿಲ್ ಜಿನುಗಿದರೆ ಬಿಳಿ ಪುಡಿಯ ಮೇಲೆ ಕಂದು ಕಲೆ ಎದ್ದು ಕಾಣುತ್ತದೆ. ಡಬ್ಬಿ ಖಾಲಿಯಾದಾಗ ಸದಾನಂದಣ್ಣ, "ಹೋಟೆಲಲ್ಲಿ ಅಕ್ಕಿಹಿಟ್ಟು ಬೇಕಾದಷ್ಟು ಉಂಟು," ಎಂದರು. ಅದು ದೋಸೆಗೇ ಇರಲಿ ಎಂದೆ. ಕಂಪ್ರೆಷನ್ ಪರೀಕ್ಷೆಯನ್ನೂ ಮಾಡಿದೆ. ಸಿಲಿಂಡರುಗಳ ಒಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ನಾಲ್ಕೂ ಹೆಚ್ಚುಕಡಿಮೆ ಸಮ ಇದ್ದವು. ಇಂಜಿನ್ ಸತ್ತಿರಲಿಲ್ಲ, ಅದಕ್ಕೆ ನೆಗಡಿಯೂ ಆಗಿರಲಿಲ್ಲ.

ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಹಾಪೆ, ಶಿಳ್‌ಫಾಟಾ ದಾಟಿ ಕಲ್ಯಾಣದವರೆಗೆ ಓಡಿಸಿದೆ. ಟ್ರಕ್ಕುಗಳ ನಡುವೆ ಎರಡರಿಂದ ಮೂರನೇ ಗೇರಿಗೆ ಹಾಕಿದಾಗ ಕರ್ ಎಂದು ಕಿವಿ ಕೊರೆಯುವ ಸದ್ದು ಬಂತು. ಇನ್ನೊಮ್ಮೆ ಹಾಕಿದೆ, ಮತ್ತೆ ಅದೇ.

"ಮೂರನೇ ಗೇರು ಯಾವಾಗಿಂದ ಹಿಂಗ ಅಣ್ಣಾರ?"

"ನಂಗೆ ಸದ್ದೇ ಬರುದಿಲ್ಲಲ್ಲ! ನಡುವೆ ನ್ಯೂಟ್ರಲಲ್ಲಿ ಒಂದು ಉಸಿರು ನಿಲ್ಲಿಸ್ಬೇಕು, ಮತ್ತೊಮ್ಮೆ ಕ್ಲಚ್ ಒತ್ತಿ ಹಾಕ್ಬೇಕು. ಅದರ ಸ್ವಭಾವ ಅದು."

ಅದು ಸ್ವಭಾವವಲ್ಲ, ಸವೆತ. ಗೇರು ಬದಲಿಸುವಾಗ ಒಳಗಿನ ಎರಡು ಹಲ್ಲುಚಕ್ರಗಳ ವೇಗವನ್ನು ಹೊಂದಿಸುವ ಹಿತ್ತಾಳೆಯ ಉಂಗುರ ಒಂದಿದೆ, ಸಿಂಕ್ರೊ ಎನ್ನುತ್ತಾರೆ. ಅದು ಹೋದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಭಾಗವನ್ನು ವಿದೇಶದಿಂದ ತರಿಸಬೇಕು. ಕೂಲಿ ಸೇರಿ ತೊಂಬತ್ತು ಸಾವಿರ. ಕಾರನ್ನು ಇಷ್ಟಪಟ್ಟು ಇಷ್ಟಪಟ್ಟು ಅದರ ಕಾಯಿಲೆಯನ್ನೇ ಗುಣ ಅಂದುಕೊಂಡಿದ್ದರು ಇವರು. ಆಯಿಲ್ಲನ್ನು ಕಂಡು ಹಿಗ್ಗಿದ ಆ ಕಂಪನಿಯವನು ಕಾರನ್ನು ಓಡಿಸಿಯೇ ನೋಡಿರಲಿಲ್ಲ ಎಂಬುದೂ ಇದರಿಂದ ಗೊತ್ತಾಯಿತು.

ವಾಪಸು ಬಂದು ಲಿಫ್ಟಿಗೆ ಏರಿಸಿದಾಗ ಪುಡಿ ಎಲ್ಲ ಕಡೆ ಬೆಳ್ಳಗೇ ಇತ್ತು. ಸದಾನಂದಣ್ಣ ಮೊಣಕಾಲು ನೋವು ಮರೆತು ಕೆಳಗೆ ನುಸುಳಿ ನುಸುಳಿ ಫೋಟೊ ತೆಗೆದರು. ನಾನು ರಿಪೋರ್ಟ್ ಬರೆಯಲು ಕೂತಾಗ ಹತ್ತಿರ ಬಂದು ದನಿ ತಗ್ಗಿಸಿದರು.

"ಗೇರಿಂದು ಬರೀಬೇಡಿ ಮೇಡಮ್. ಅವರೇ ಕಂಡುಹಿಡೀಲಿಲ್ಲ, ಮತ್ತೆ ನಾವು ಯಾಕೆ?"

"ಅದು ಆಗೂದಿಲ್ಲ."

"ಫೀ ಕೊಟ್ಟದ್ದು ನಾನು."

"ಫೀ ಕೊಟ್ಟವ್ರು ಹೇಳಿದ್ದ ಬರಿಯೂದಾದ್ರ ಆ ಕಂಪನಿಗೂ ನನಗೂ ಏನ್ರೀ ಫರಕ್? ಇಂಜಿನ್ ಛಲೋ ಐತಿ ಅಂತ ಸಹಿ ಮಾಡೂ ಕೈನ ಗೇರು ಕೆಟ್ಟೈತಿ ಅಂತನೂ ಮಾಡ್ತದ. ಬ್ಯಾಡಾದ್ರ ಎರಡೂ ಹರದು ಒಗೀತೀನಿ."

ಅವರ ಮುಖ ಕೆಂಪಾಯಿತು. ಏನೋ ತುಳುವಿನಲ್ಲಿ ಗೊಣಗಿಕೊಂಡು ಹೊರಗೆ ಹೋಗಿ ನಿಂತರು. ನನಗೂ ಸಿಟ್ಟು ಬಂದಿತ್ತು. ಅನ್ಯಾಯವಾಯಿತು ಎಂದು ಬಂದವರು ತಮಗೆ ಬೇಕಾದಷ್ಟು ನ್ಯಾಯ ಮಾತ್ರ ಕೊಡಿ ಎನ್ನುವುದು ನನಗೆ ಹೊಸದಲ್ಲ, ಆದರೂ ಪ್ರತಿಸಲ ಮೈ ಉರಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಸದಾನಂದಣ್ಣ ಒಳಗೆ ಬಂದು, "ಬರೀರಿ ಮಾರಾಯ್ರೆ, ಏನು ಬೇಕೋ ಬರೀರಿ," ಎಂದರು. ಮೂರನೇ ಗೇರಿನ ದೋಷವನ್ನು ಮೊದಲ ಪುಟದಲ್ಲೇ ಬರೆದೆ.

ಸುದ್ದಿ ಹೇಗೆ ಹೋಯಿತೋ, ಸಂಜೆಯೊಳಗೆ ನಮ್ಮ ವರ್ಕ್‌ಶಾಪಿನ ಮಾಲೀಕರು ಕ್ಯಾಬಿನ್ನಿಗೆ ಕರೆದರು. ಆ ಕಂಪನಿಯ ಕಾರುಗಳ ರಿಪೇರಿಯೇ ನಮ್ಮ ಅರ್ಧ ವ್ಯಾಪಾರವಾಗಿತ್ತು. ಅವರಿಂದ ಫೋನು ಬಂದಿತ್ತು. ಮಾಲೀಕರು ಕೆಟ್ಟವರಲ್ಲ. ಇಂಜಿನ್ ಚೆನ್ನಾಗಿದೆ ಎಂದೇ ಬರೆಯಿರಿ, ಕೊನೆಗೆ ಮಾತ್ರ "ಸೋರಿಕೆ ಇಲ್ಲವೆಂದು ಖಚಿತವಾಗಿ ಹೇಳಲಾಗದು" ಎಂದು ಒಂದು ಸಾಲು ಸೇರಿಸಿ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ ಎಂದರು, ಮರಾಠಿಯಲ್ಲಿ. ಆ ಸಾಲು ಬೇಕಾದರೆ ನೀವೇ ಬರೆದು ಕೆಳಗೆ ನಿಮ್ಮ ಸಹಿ ಹಾಕಿ, ನನ್ನ ಸಹಿಯ ಮೇಲೆ ಬೇಡ ಎಂದೆ. ಅವರು ಬರೆಯಲಿಲ್ಲ.

ಎರಡು ದಿನ ಬಿಟ್ಟು ಅನಘಾ ಅವರನ್ನು ನಾನೇ ಕರೆಸಿದೆ. ಮೊದಲ ರಿಪೋರ್ಟ್ ಬರೆದವನನ್ನೂ ಕರೆತನ್ನಿ ಎಂದಿದ್ದೆ, ಬಂದ. ಇಸ್ತ್ರಿ ಮುರಿಯದ ಟೀ-ಶರ್ಟು, ಕೈಯಲ್ಲಿ ಟ್ಯಾಬ್ಲೆಟ್ಟು. ಕಾರು ಲಿಫ್ಟಿನ ಮೇಲಿತ್ತು, ಪಕ್ಕದಲ್ಲಿ ಸದಾನಂದಣ್ಣ ನಿಂತಿದ್ದರು. ಮುಂಚಕ್ರದ ಹಿಂದೆ ಮಾತ್ರ ಸುಟ್ಟ ಆಯಿಲ್ಲನ್ನು ತೋರಿಸಲೆಂದೇ ತೊಳೆಯದೆ ಉಳಿಸಿದ್ದೆ.

"ಆಂಟಿ, ತೊಳೆದುಬಿಟ್ಟರೆ ಯಾವ ಗಾಡಿಯೂ ಸೋರುವುದಿಲ್ಲ," ಎಂದ ಅವನು, ಹಿಂದಿಯಲ್ಲಿ.

"ತೊಳೆದ ಮೇಲೆ ಕಲ್ಯಾಣದವರೆಗೆ ಓಡಿಸಿದ್ದೇನೆ. ನೀನು ಎಲ್ಲಿಯವರೆಗೆ ಓಡಿಸಿದ್ದೆ?"

ಅವನು ಟ್ಯಾಬ್ಲೆಟ್ಟು ನೋಡಿದ. ಅವತ್ತು ನೀನೇ ತೆಗೆದ ಫೋಟೊ ತೋರಿಸು ಎಂದೆ. ಅದರಲ್ಲಿ ಮುಂದಿನ ಬಂಪರಿನ ಒಳಮೈಗೆ ಕಪ್ಪು ಆಯಿಲ್ ಮೆತ್ತಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. "ಇಂಜಿನ್ನಿನ ಆಯಿಲ್ಲು ಗಾಳಿಗೆ ಎದುರಾಗಿ ಹಾರಿ ಇಲ್ಲಿ ಬಂದು ಕೂತಿತೇ?" ಎಂದು ಕೇಳಿದೆ. ಅವನಿಗೆ ಉತ್ತರ ಗೊತ್ತಿತ್ತು. ನನಗೆ ಅನ್ನಿಸುವುದು, ಮೊದಲ ದಿನವೂ ಗೊತ್ತಿತ್ತು. ನಿಮ್ಮ ವರ್ಕ್‌ಶಾಪಿಗೆ ಇನ್ನು ನಮ್ಮ ಒಂದು ಗಾಡಿಯೂ ಬರುವುದಿಲ್ಲ ಎಂದಷ್ಟೇ ಹೇಳಿ ಹೊರಟ. ಗೇಟು ಆ ಕಡೆ ಎಂದು ಕೈ ತೋರಿಸಿದೆ.

ಅನಘಾ ನನ್ನ ರಿಪೋರ್ಟನ್ನು ಓದಿ, ಮೂರನೇ ಗೇರಿನ ಸಾಲಿನ ಮೇಲೆ ಬೆರಳಿಟ್ಟರು. ಈ ತಪಾಸಣೆಗೆ ಫೀ ಕೊಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಮಾರುವವರೇ ಎಂದೆ. ಹಾಗಾದರೆ ಈ ಸಾಲನ್ನು ಬರೆಯಲು ಬಿಟ್ಟರೇ ಎಂದರು. ನಾನು ಸದಾನಂದಣ್ಣನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಬಿಟ್ಟರು ಎಂದೆ.

"ಹಾಗಾದರೆ ಉಳಿದದ್ದನ್ನೂ ನಂಬುತ್ತೇನೆ," ಎಂದರು ಅನಘಾ. ಹತ್ತು ಲಕ್ಷದಲ್ಲಿ ಗೇರಿನ ತೊಂಬತ್ತು ಸಾವಿರ ಕಳೆದು ಮಾತು ಮುಗಿಯಿತು. ಬರೆಯಬೇಡಿ ಎಂದು ಸದಾನಂದಣ್ಣ ಬೇಡಿಕೊಂಡ ಸಾಲೇ ಅವರ ಕಾರನ್ನು ಉಳಿಸಿತು, ಅವರ ಹೆಸರನ್ನೂ.

ಕೀಲಿ ಕೊಡುವ ಮೊದಲು ಅವರು ತಮ್ಮ ಡೊಂಬಿವಲಿ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಚಲಾಯೇಂಗಿ ನಾ?" ಓಡಿಸುತ್ತೀರಲ್ಲ? ನಾಳೆ ಬೆಳಿಗ್ಗೆಯೇ ಎಂದರು ಅನಘಾ. ಆಗ ಸದಾನಂದಣ್ಣ ಆಕೆಯನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ತಾವು ಬಾಗಿಲಿಗೆ ಒರಗಿ ನಿಂತು, ಭಾಗ ಬರುವವರೆಗೆ ಮೂರನೇ ಗೇರಿಗೆ ಹೇಗೆ ಒಂದು ಉಸಿರು ಕಾಯಬೇಕು ಎಂದು ತೋರಿಸಿಕೊಟ್ಟರು. ಅನಘಾ ಅದನ್ನು ಕಲಿತ ಮೇಲೆ, ಅವರ ಮೊಣಕಾಲಿಗೆ ಯಾವ ವ್ಯಾಯಾಮ ಮಾಡಬೇಕೆಂದು ಹೇಳಿಕೊಟ್ಟರು.

ಕಂಪನಿಯವರು ಮಾತಿಗೆ ತಪ್ಪಲಿಲ್ಲ. ಗಾಡಿಗಳು ನಿಂತವು. ಮಾಲೀಕರು ನನ್ನನ್ನು ತಪಾಸಣೆಯಿಂದ ತೆಗೆದು ಬಿಲ್ಲಿಂಗ್ ಕೌಂಟರಿಗೆ ಕೂರಿಸಿದರು. ಒಂದು ತಿಂಗಳು ಕೂತೆ, ಆಮೇಲೆ ರಾಜೀನಾಮೆ ಕೊಟ್ಟೆ. ಈಗ ಕಲ್ಯಾಣದಲ್ಲಿ ನನ್ನದೇ ಒಂದು ಶೆಡ್ಡಿದೆ, ಒಂದೇ ಲಿಫ್ಟು. ತಪಾಸಣೆ ಮಾತ್ರ ಮಾಡುತ್ತೇನೆ. ರಿಪೇರಿ ಮಾಡುವುದಿಲ್ಲ, ಕಾರು ಕೊಳ್ಳುವುದಿಲ್ಲ, ಮಾರಿಸುವುದಿಲ್ಲ. ಕಾರನ್ನು ನೋಡಿ ಬರೆಯಬೇಕು, ಕಾರು ತಂದವರನ್ನು ನೋಡಿ ಅಲ್ಲ; ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಹೀಗೆ ಮಾಡಿದರೆ ಧಂದೆ ನಡೆಯುವುದಿಲ್ಲ ಎಂದವರಿಗೆಲ್ಲ, ನಡೆಯದಿದ್ದರೆ ಬೇಡ ಎಂದೇ ಹೇಳಿದ್ದೇನೆ.

ಕಳೆದ ಚಳಿಗಾಲದಲ್ಲಿ ಒಬ್ಬ ಹಳೆಯ ಕಾರೊಂದನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಅದೇ ಟ್ಯಾಬ್ಲೆಟ್ಟಿನವನು. ಕೊಳ್ಳುವ ಮೊದಲು ತಪಾಸಣೆ ಮಾಡಬೇಕು ಎಂದ. ನಿಮ್ಮ ಕಂಪನಿಯಲ್ಲೇ ಮಾಡುತ್ತಾರಲ್ಲ ಎಂದೆ. ಅವನು ಆಚೀಚೆ ನೋಡಿದ.

"ಮೇಡಮ್, ಯೆ ಮೇರೆ ಘರ್ ಕೆ ಲಿಯೇ ಹೈ," ಎಂದ. ಇದು ನನ್ನ ಸ್ವಂತ ಮನೆಗೆ.

ಪೂರ್ತಿ ಫೀ ಮೊದಲೇ ಇಡು ಎಂದೆ. ಆಮೇಲೆ ಅವನ ಕಾರನ್ನು ಲಿಫ್ಟಿಗೆ ಏರಿಸಿದೆ.